ಒತ್ತದೆ ತಿರುಗುವ ಮುಚ್ಚಳ

ಮೊದಲ ಈಮೇಲ್ ಬಂದಾಗ ನಾನು ಓದಲಿಲ್ಲ. ಇದನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಎಷ್ಟೋ ಜನ ನನಗೆ "ಸದ್ಯ, ಸರಿಯಾದ ಹೊತ್ತಿಗೆ ನೋಡಿದಿರಿ" ಅಂದಿದ್ದಾರೆ. ನಾನು ಸರಿಯಾದ ಹೊತ್ತಿಗೆ ನೋಡಲಿಲ್ಲ. 'ನೀವು ಕೊಂಡ ವಸ್ತುವೊಂದರ ಬಗ್ಗೆ ಸುರಕ್ಷತಾ ಸೂಚನೆ' ಎಂಬ ತಲೆಬರಹದ ಆ ಮೇಲು, ಚಪ್ಪಲಿ ಅಂಗಡಿಯ ಜಾಹೀರಾತು, ಮಗಳ ಡೇಕೇರಿನ ಪ್ರಕಟಣೆ, ಕರೆಂಟು ಬಿಲ್ಲು ಇವುಗಳ ನಡುವೆ ಒಂದು ವಾರ ಹಾಗೇ ಬಿದ್ದಿತ್ತು. ಅದು ಎರಡನೇ ಸಲ ಬಂದದ್ದು ಏಪ್ರಿಲ್ಲಿನ ಒಂದು ಬುಧವಾರ, ಮಧ್ಯಾಹ್ನ ಹನ್ನೆರಡೂವರೆಗೆ. ಅಮೇರಿಕದ ಫ್ರೀಮಾಂಟಿನಲ್ಲಿ ನಾನು ಕೆಲಸ ಮಾಡುವ ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಊಟದ ಡಬ್ಬಿ ಬಿಚ್ಚಿಕೊಂಡು ಕೂತಿದ್ದೆ. ಬೇರೇನೂ ಮಾಡಲು ತೋಚದೆ ತೆರೆದೆ.

ನಾನು ಫಾರ್ಮಸಿಸ್ಟ್ ಅಲ್ಲ. ಅವರ ಕೈಕೆಳಗೆ ಮಾತ್ರೆ ಎಣಿಸಿ, ಬಾಟಲಿಗೆ ತುಂಬಿ, ಚೀಟಿ ಅಂಟಿಸಿ, ಮುಚ್ಚಳ ಹಾಕುವವಳು. ದಿನಕ್ಕೆ ನೂರಾರು ಮುಚ್ಚಳ. ಈ ದೇಶದಲ್ಲಿ ಔಷಧಿಯ ಬಾಟಲಿಯ ಮುಚ್ಚಳವನ್ನು ಸುಮ್ಮನೆ ತಿರುಗಿಸಿದರೆ ಅದು ಕಟಕಟ ಎಂದು ಸದ್ದು ಮಾಡುತ್ತಾ ಸುತ್ತುತ್ತಲೇ ಇರುತ್ತದೆ. ಅಂಗೈಯಿಂದ ಒತ್ತಿ ಹಿಡಿದು ತಿರುಗಿಸಿದರೆ ಮಾತ್ರ ತೆರೆದುಕೊಳ್ಳುತ್ತದೆ. ಎಳೆಯ ಮಕ್ಕಳಿಗೆ ಆ ಎರಡು ಕೆಲಸವನ್ನು ಒಟ್ಟಿಗೆ ಮಾಡಲು ಬರುವುದಿಲ್ಲ ಎಂಬುದು ಅದರ ಹಿಂದಿನ ಲೆಕ್ಕಾಚಾರ. ಕೈ ಸೋತ ಮುದುಕರಿಗೂ ಬರುವುದಿಲ್ಲ ಎಂಬುದನ್ನು ಕೌಂಟರಿನ ಈಚೆ ನಿಂತು ದಿನಾ ನೋಡುತ್ತೇನೆ. ಅವರು ಕೇಳಿದರೆ ಸಾದಾ ಮುಚ್ಚಳ ಹಾಕಿಕೊಡುತ್ತೇವೆ, ಒಂದು ಸಹಿ ಮಾಡಿಸಿಕೊಂಡು.

ಈಮೇಲಿನಲ್ಲಿದ್ದದ್ದು ಜನವರಿಯಲ್ಲಿ ನಾನು ಆನ್‌ಲೈನಿನಲ್ಲಿ ತರಿಸಿದ, ಕೈಕಾಲು ನೋವಿಗೆ ಹಚ್ಚುವ ವಿಂಟರ್‌ಗ್ರೀನ್ ಎಣ್ಣೆಯ ವಿಷಯ. ಅದನ್ನು ವಾಪಸು ಕರೆಯಲಾಗಿದೆ. ಈ ಎಣ್ಣೆ ಇರುವ ಬಾಟಲಿಗೆ ಮಕ್ಕಳು ತೆಗೆಯಲಾಗದ ಮುಚ್ಚಳ ಇರಲೇಬೇಕೆಂಬುದು ಕಾನೂನು, ಇದಕ್ಕೆ ಅದಿಲ್ಲ. ಮಗು ನುಂಗಿದರೆ ವಿಷವೇರುವ ಅಪಾಯವಿದೆ. ಕೂಡಲೇ ಮಕ್ಕಳ ಕೈಗೆಟುಕದಂತೆ ತೆಗೆದಿಡಿ.

ನನ್ನ ಕೈಯಲ್ಲಿದ್ದ ಚಮಚ ಡಬ್ಬಿಯೊಳಗೇ ನಿಂತಿತು. ಯಾಕೆಂದರೆ ಆ ಮುಚ್ಚಳ ಸಾದಾ ಎಂಬುದು ನನಗೆ ಜನವರಿಯಲ್ಲೇ ಗೊತ್ತಿತ್ತು.

ಅವ್ವ ಮದ್ದೂರಿನ ಕಡೆಯವಳು. ಡಿಸೆಂಬರಿನಲ್ಲಿ ಆರು ತಿಂಗಳಿಗೆಂದು ನಮ್ಮ ಮನೆಗೆ ಬಂದಿದ್ದಳು. ಅವಳ ಎರಡೂ ಕೈಯ ಬೆರಳಿನ ಗೆಣ್ಣುಗಳು ಊದಿ, ಚಳಿ ಬಿದ್ದರೆ ಲೋಟ ಹಿಡಿಯುವುದೂ ಕಷ್ಟ. ಬಂದ ಮೊದಲ ವಾರ ತನ್ನ ಬಿಪಿ ಮಾತ್ರೆಯನ್ನು ನಾನು ಕೆಲಸದಿಂದ ಬರುವ ತನಕ ನುಂಗದೆ ಕೂರುತ್ತಿದ್ದಳು. ಬಾಟಲಿ ತೆಗೆಯಲಾಗುತ್ತಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆ. ಆಮೇಲೆ ಈ ಎಣ್ಣೆ ತರಿಸಿದೆ. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಕಂದು ಗಾಜಿನ ಬಾಟಲಿಗಳು, ಒಂದು ಪೆಟ್ಟಿಗೆಯಲ್ಲಿ ಮೂರು. ಅವ್ವ ಒಂದನ್ನು ಎತ್ತಿಕೊಂಡು ಎರಡು ಬೆರಳಲ್ಲಿ ತಿರುಗಿಸಿದಳು. ಮುಚ್ಚಳ ಕೈಗೆ ಬಂತು.

"ನೋಡವ್ವ, ನಿಮ್ಮ ಅಮೇರಿಕದಾಗೆ ಇದೊಂದು ನನ್ ಮಾತ್ ಕೇಳ್ತದೆ ಕನ," ಎಂದು ನಕ್ಕಳು.

ಕಟಕಟ ಸದ್ದು ಬರಲಿಲ್ಲವಲ್ಲ ಎಂದು ನನ್ನ ಕಿವಿಗೆ ತಟ್ಟಿತ್ತು. ದಿನವಿಡೀ ಅದೇ ಸದ್ದು ಕೇಳುವ ಕಿವಿ. ಆದರೆ ಅವ್ವ ನಗುತ್ತಿದ್ದಳು, ನಾನು ಸುಮ್ಮನಾದೆ. ನಾಲ್ಕು ವರ್ಷದ ನನ್ನ ಮಗಳು ಅಜ್ಜಿಯ ಕೈ ಹಿಡಿದು ಮೂಸಿ, "ಅಮ್ಮ, ಅಜ್ಜಿ ಸ್ಮೆಲ್ಸ್ ಲೈಕ್ ಗಮ್!" ಎಂದು ಕುಣಿದಳು. ನನಗೂ ಅವ್ವನಿಗೂ ಅದು ಸೊಂಟನೋವಿನ ಮುಲಾಮಿನ ವಾಸನೆ. ಇಲ್ಲಿ ಹುಟ್ಟಿದ ಮಕ್ಕಳಿಗೆ ಅದು ಚೂಯಿಂಗ್ ಗಮ್ಮಿನ, ಮಿಠಾಯಿಯ ವಾಸನೆ. ಆ ದಿನ ಅದೂ ತಮಾಷೆಯಾಗಿಯೇ ಕಂಡಿತ್ತು.

ಊಟ ಬಿಟ್ಟು ಮನೆಗೆ ಫೋನ್ ಮಾಡಿದೆ.

"ಅವ್ವ, ಕೈಗೆ ಹಚ್ಚೋ ಎಣ್ಣೆ ಎಲ್ಲಿದೆ?"

"ಇಲ್ಲೇ ಬಚ್ಚಲು ಮನೆ ಬೀರುನಾಗೈತೆ. ಯಾಕೆ ಮಗ?"

"ಮೂರಿತ್ತಲ್ಲ, ಮೂರೂ ಐತಾ?"

"ಒಂದು ಮುಗುದೋಯ್ತು, ಎಸುದ್ಬುಟ್ಟೆ. ಒಂದೈತೆ. ಇನ್ನೊಂದ ಹಾಸನದಮ್ಮಂಗೆ ಕೊಟ್ಟೆ."

ಮನೆಯ ಹತ್ತಿರದ ಪಾರ್ಕಿನಲ್ಲಿ ಅವ್ವ ಬೆಳಗ್ಗೆ ಹೊತ್ತು ನಡೆಯಲು ಹೋಗುತ್ತಿದ್ದಳು. ಅಲ್ಲಿ ಮಕ್ಕಳ ಮನೆಗೆಂದು ಊರಿಂದ ಬಂದ ಹಿರಿಯರು ನಾಲ್ಕಾರು ಮಂದಿ ಸೇರುತ್ತಾರೆ. ಅವರಲ್ಲಿ ಅವ್ವನಿಗೆ ಬಹಳ ಹತ್ತಿರವಾದವರು ಹಾಸನ ಜಿಲ್ಲೆಯ ಒಬ್ಬ ಅಜ್ಜಿ.

"ಯಾವಾಗ ಕೊಟ್ಟೆ?"

"ಯುಗಾದಿ ಆದ್ಮೇಲೆ. ಅವಳ್ಗೂ ಮಂಡಿ ನೋವು ಅಂದ್ಲು."

"ಅವರ ಮನೇಲಿ ಮಕ್ಕಳಿದಾರಾ?"

"ಒಂದು ಹೆಣ್ಣು ಕೂಸೈತೆ. ಈಗ ನಡೀತದೆ, ಅಲ್ಲಿಲ್ಲಿ ಹಿಡ್ಕಂಡು. ಏನಾಯ್ತವ್ವ?"

ಅವರ ಫೋನ್ ನಂಬರು ಅವ್ವನಿಗೆ ಗೊತ್ತಿರಲಿಲ್ಲ. ಹೆಸರೂ ಗೊತ್ತಿರಲಿಲ್ಲ. "ನಾನು ಅಕ್ಕ ಅಂತೀನಿ, ಅವಳು ತಂಗಿ ಅಂತಾಳೆ. ಹೆಸ್ರು ಯಾಕ್ ಬೇಕು?" ಅಂದಳು. ಮನೆ ಮಾತ್ರ ಗೊತ್ತು, ಒಂದು ಸಲ ನಡೆದುಕೊಂಡು ಹೋಗಿ ಕಾಫಿ ಕುಡಿದು ಬಂದಿದ್ದಳು.

ನಮ್ಮ ಫಾರ್ಮಸಿಸ್ಟ್ ವಿಯೆಟ್ನಾಮಿನ ಹೆಂಗಸು, ಮಾತು ಕಡಿಮೆ. ನಾನು ಮೊಬೈಲನ್ನು ಅವರ ಮುಂದೆ ಹಿಡಿದೆ. ಓದಿ, ಕನ್ನಡಕ ತೆಗೆದರು. ಇದರ ಒಂದು ಟೀ ಚಮಚೆ ಸಾಕು, ಎಳೆ ಮಗುವಿನ ಪ್ರಾಣಕ್ಕೇ ಕುತ್ತು, ಆಸ್ಪಿರಿನ್ ಮಾತ್ರೆಗಳನ್ನು ಮುಷ್ಟಿಗಟ್ಟಲೆ ನುಂಗಿಸಿದ ಹಾಗೆ ಅಂದರು. ಆಮೇಲೆ ನನ್ನ ಕೋಟನ್ನು ತಾವೇ ಗೂಟದಿಂದ ತೆಗೆದುಕೊಟ್ಟು, ಹೋಗು ಅಂದರು.

ಮನೆ ಹತ್ತು ನಿಮಿಷದ ದಾರಿ. ಪ್ರತಿ ಸಿಗ್ನಲ್ಲೂ ಕೆಂಪು. ಅವ್ವ ಶಾಲು ಹೊದ್ದು, ಶೂ ಹಾಕಿಕೊಂಡು ಬಾಗಿಲ ಹೊರಗೇ ನಿಂತಿದ್ದಳು. ನಾನು ಒಳಗೆ ನುಗ್ಗಿ ಬಚ್ಚಲಿನ ಬೀರುವಿನಿಂದ ಬಾಟಲಿ ಎತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಗ್ಯಾರೇಜಿನ ಮೇಲಿನ ಅಟ್ಟಕ್ಕೆ ಎಸೆದಂತೆ ಇಟ್ಟೆ. ಬೀರುವಿನ ಆ ಅರೆ ನನ್ನ ಮಗಳ ತಲೆಯ ಮಟ್ಟಕ್ಕಿತ್ತು. ಮೂರು ತಿಂಗಳು ಅದೇ ಜಾಗದಲ್ಲಿತ್ತು. ಅದನ್ನು ಯೋಚಿಸಲು ಆಗ ಪುರುಸೊತ್ತಿರಲಿಲ್ಲ.

ಕಾರಿನಲ್ಲಿ ಅವ್ವನನ್ನು ಕೂರಿಸಿಕೊಂಡು ಪಾರ್ಕಿನ ಆಚೆ ಬದಿಗೆ ಹೋದೆ. ಅಲ್ಲಿನ ಮನೆಗಳೆಲ್ಲ ಒಂದೇ ಅಚ್ಚಿನವು. ಅದೇ ಮಣ್ಣಿನ ಬಣ್ಣದ ಗೋಡೆ, ಅದೇ ಬಿಳಿ ಗ್ಯಾರೇಜು.

"ಈ ರಸ್ತೇನಾ ಅವ್ವ?"

"ಇರ್ಬೋದು. ಅಲ್ಲ ಕನ, ಇದಲ್ಲ. ಕಾರ್ನಾಗೆ ನಂಗೆ ತಿಳಿಯಾಕಿಲ್ಲ. ನಡೆದ್ರೆ ತಿಳೀತದೆ."

ಎರಡು ಸುತ್ತು ಹೊಡೆದೆ. ಸ್ಟೇರಿಂಗಿನ ಮೇಲೆ ನನ್ನ ಬೆರಳುಗಳು ತಾಳ ಹಾಕುತ್ತಿದ್ದವು. ಕೊನೆಗೆ ಪಾರ್ಕಿನ ಪಕ್ಕದಲ್ಲೇ ಕಾರು ನಿಲ್ಲಿಸಿ ಇಬ್ಬರೂ ಇಳಿದೆವು. ಅವ್ವ ತಾನು ದಿನಾ ಕೂರುವ ಬೆಂಚಿನ ಹತ್ತಿರ ಹೋಗಿ, ಅಲ್ಲಿಂದ ಹೊರಟಳು. ಮಂಡಿ ಹಿಡಿದುಕೊಂಡ ಅವಳ ನಡಿಗೆ. ನಾನು ನಾಲ್ಕು ಹೆಜ್ಜೆ ಮುಂದೆ ಓಡುವುದು, ನಿಲ್ಲುವುದು, ತಿರುಗಿ ನೋಡುವುದು.

"ನೀನಂಗ್ ಓಡ್ಬ್ಯಾಡ. ನಂಗೆ ದಾರಿ ತಪ್ತದೆ," ಅಂದಳು.

ನಿಂಬೆಹಣ್ಣು ನೆಲಕ್ಕೆ ಉದುರಿದ ಒಂದು ಅಂಗಳ ಬಂತು. ಅವ್ವ ತಲೆಯಾಡಿಸಿದಳು. ಆಮೇಲೆ ನಾಯಿ ಬೊಗಳುವ ಮನೆ. ಬೊಗಳಿತು. ಅಲ್ಲಿಂದ ಎಡಕ್ಕೆ, ಮೂರನೆಯದೋ ನಾಲ್ಕನೆಯದೋ. ಮೂರನೆಯದರ ಗಂಟೆ ಒತ್ತಿದೆವು, ಒಬ್ಬ ಚೀನೀ ಮುದುಕರು ಬಾಗಿಲು ತೆಗೆದು, ನಮ್ಮನ್ನು ನೋಡಿ, ಏನನ್ನೂ ಕೇಳದೆ ಪಕ್ಕದ ಮನೆಯತ್ತ ಕೈ ತೋರಿಸಿದರು. ಆ ಮನೆಯ ಹೊಸಿಲ ಮುಂದೆ ಸೀಮೆಸುಣ್ಣದಲ್ಲಿ ಸಣ್ಣ ರಂಗೋಲಿ ಇತ್ತು.

ಗಂಟೆ ಒತ್ತಿದೆ. ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದೆ. ಕ್ಯಾಮೆರಾ, ಸ್ಪೀಕರು ಇರುವ ಆ ಗಂಟೆಯೊಳಗಿಂದಲೇ ಒಂದು ಹೆಂಗಸಿನ ದನಿ ಬಂತು, ಇಂಗ್ಲಿಷಿನಲ್ಲಿ, ಯಾರು ಬೇಕು ಎಂದು. ಆಕೆ ಪಕ್ಕದ ಊರಾದ ಪ್ಲೆಸೆಂಟನ್ನಿನ ತನ್ನ ಆಫೀಸಿನಲ್ಲಿ ಕೂತು ಮೊಬೈಲಿನಲ್ಲಿ ನಮ್ಮನ್ನು ನೋಡುತ್ತಿದ್ದಳು.

"ನಮಸ್ಕಾರ, ನಾವು ಪಾರ್ಕಿನ ಆ ಕಡೆ ಮನೆಯವರು. ನಿಮ್ಮ ಅತ್ತೆಗೆ ನಮ್ಮ ಅವ್ವ ಒಂದು ಎಣ್ಣೆ ಬಾಟ್ಲು ಕೊಟ್ಟಿದ್ರು," ಎಂದು ಗೋಡೆಗೆ ಹೇಳಿದೆ.

"ಎಣ್ಣೇನಾ? ನಂಗೇನೂ ಗೊತ್ತಿಲ್ವಲ್ಲ. ಅತ್ತೆ ಒಳಗಿದಾರೆ, ಅವ್ರಿಗೆ ಬೆಲ್ಲು ಕೇಳ್ಸಲ್ಲ. ಏನ್ ವಿಷ್ಯ? ನಾನೊಂದು ಮೀಟಿಂಗಲ್ಲಿದೀನಿ."

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಆ ಕಡೆ ಕುರ್ಚಿ ಹಿಂದಕ್ಕೆ ತಳ್ಳಿದ ಸದ್ದು ಕೇಳಿಸಿತು.

"ಗ್ಯಾರೇಜು ತೆಗೀತಿದೀನಿ. ಒಳಗೆ ಹೋಗಿ. ನಿಮ್ ನಂಬರ್ ಹೇಳಿ, ಈಗ್ಲೇ ಫೋನ್ ಮಾಡ್ತೀನಿ."

ನಮ್ಮ ಪರಿಚಯವೇ ಇಲ್ಲದ ಹೆಂಗಸು ಪ್ಲೆಸೆಂಟನ್ನಿನಿಂದ ಒಂದು ಗುಂಡಿ ಒತ್ತಿ ತನ್ನ ಮನೆಯನ್ನು ನಮಗೆ ತೆರೆದುಕೊಟ್ಟಳು. ಬಾಗಿಲು ಗಡಗಡ ಮೇಲೇರುತ್ತಿದ್ದಾಗ ನಾನು ಬಗ್ಗಿ ಅದರಡಿ ನುಸುಳಿದೆ.

ಒಳಗೆ ಕಾಲಿಡುತ್ತಲೇ ಆ ವಾಸನೆ ಮುಖಕ್ಕೆ ಹೊಡೆಯಿತು. ಹಾಸನದ ಅಜ್ಜಿ ಅಡುಗೆಮನೆಯಲ್ಲಿ ಹುರುಳಿಕಾಯಿ ಬಿಡಿಸುತ್ತಾ ಕೂತಿದ್ದರು. ತೆಳ್ಳನೆಯ ಜೀವ, ದೊಡ್ಡ ಕನ್ನಡಕ. ಗ್ಯಾರೇಜಿನ ಕಡೆಯಿಂದ ಇಬ್ಬರು ಒಳಬಂದದ್ದು ಕಂಡು ಬೆಚ್ಚಿದವರು, ಅವ್ವನನ್ನು ಗುರುತಿಸಿ, "ಅಯ್ಯೋ ತಂಗಿ, ನೀನಾ! ಬಾ ಕೂತ್ಕೋ," ಅಂದರು.

"ಅಕ್ಕ, ನಾ ಕೊಟ್ಟಿದ್ನಲ್ಲ ಎಣ್ಣೆ, ಅದೆಲ್ಲಿ?"

ಅಜ್ಜಿಯ ಮುಖ ಸಣ್ಣಗಾಯಿತು. "ಚೆಲ್ಲೋಯ್ತು ಕಣೇ. ಬೆಳಗ್ಗೆ ಹಾಸಿಗೆ ಪಕ್ಕ ಇಟ್ಟಿದ್ದೆ, ಸ್ನಾನ ಮಾಡಿ ಬರೋವಷ್ಟರಲ್ಲಿ ಕಾರ್ಪೆಟ್ ಮೇಲೆ ಉಳ್ಳಾಡ್ತಿತ್ತು. ಹಳೇ ಸೀರೆ ತುಂಡಲ್ಲಿ ಒರೆಸಿದೀನಿ. ನಮ್ ಸೊಸೆಗೆ ಹೇಳ್ಬೇಡ, ಬಿಳೀ ಕಾರ್ಪೆಟ್ಟು ಅವಳಿಗೆ ಪ್ರಾಣ."

ನನ್ನ ಕೈಯಲ್ಲಿದ್ದ ಫೋನಿನಲ್ಲಿ ಸೊಸೆ ಆಗಲೇ ಇದ್ದಳು. "ಅಜ್ಜಿ, ಅವರು ಕೇಳಿಸ್ಕೊಳ್ತಿದಾರೆ," ಅಂದೆ. ಅಜ್ಜಿ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಮುಚ್ಚಿಡಬಹುದಿತ್ತು. ಮುಚ್ಚಿಡಲಿಲ್ಲ. ಫೋನಿನ ಹತ್ತಿರ ಬಾಗಿ, ಇನ್ನಷ್ಟು ಗಟ್ಟಿಯಾಗಿ ಹೇಳಿದರು: "ಮುಚ್ಚಳ ಪಾಪು ಕೈಲಿತ್ತು ಕಣಮ್ಮ. ಮೈಮೇಲೆಲ್ಲ ಎಣ್ಣೆ ಆಗಿತ್ತು, ತೊಳೆದೆ. ಆಮೇಲೆ ಒಂದ್ಸಲ ವಾಂತಿ ಮಾಡ್ತು. ಹಲ್ಲು ಬರ್ತಾ ಇದೆಯಲ್ಲ, ಅದಕ್ಕೆ ಅಂದ್ಕೊಂಡೆ. ಆಗ್ಲಿಂದ ಮಲಗೇ ಇದೆ."

ಫೋನಿನಿಂದ ಓಡುತ್ತಿರುವ ಹೆಜ್ಜೆಯ ಸದ್ದು ಬಂತು.

ಮಗು ಹಾಲ್‌ನಲ್ಲಿ ಹಾಸಿದ ಸಣ್ಣ ಹಾಸಿಗೆಯ ಮೇಲೆ ಮಲಗಿತ್ತು. ಒಂದೂವರೆ ವರ್ಷದ ಹೆಣ್ಣು. ಕೆನ್ನೆ ಕೆಂಪು. ನಿದ್ದೆಯಲ್ಲಿರುವ ಮಗುವಿನ ಉಸಿರಲ್ಲ ಅದು, ಓಡಿ ಬಂದ ಮಗುವಿನ ಉಸಿರು. ಅದರ ಹೊಟ್ಟೆಯ ಮೇಲೆ ಕೈಯಿಟ್ಟೆ. ನನ್ನ ಕೈ ಅಷ್ಟು ಬೇಗ ಬೇಗ ಮೇಲೆ ಕೆಳಗೆ ಹೋಗುತ್ತಿದ್ದುದನ್ನು ಇವತ್ತಿಗೂ ಕಣ್ಣು ಮುಚ್ಚಿದರೆ ನೋಡಬಲ್ಲೆ.

ವಿಷ ನುಂಗಿದಾಗ ಸಲಹೆ ಕೊಡುವ ಪಾಯ್ಸನ್ ಕಂಟ್ರೋಲಿನ ನಂಬರು ನಮ್ಮ ಕೌಂಟರಿನ ಮೇಲೇ ಅಂಟಿಸಿದೆ, ನನಗೆ ಬಾಯಿಪಾಠ. ಸೊಸೆಯನ್ನೂ ಅದೇ ಕರೆಗೆ ಸೇರಿಸಿಕೊಂಡು ಫೋನ್ ಮಾಡಿದೆ. ಆ ಕಡೆಯ ಗಂಡಸಿನ ದನಿ ಎಷ್ಟು ಶಾಂತವಾಗಿತ್ತೆಂದರೆ ನನಗೆ ಸಿಟ್ಟು ಬಂತು. ಏನು ಕುಡಿದಿದೆ, ಎಷ್ಟು ಹೊತ್ತಾಯಿತು, ತೂಕ ಎಷ್ಟು. ತೂಕವನ್ನು ತಾಯಿ ಹೇಳಿದಳು, ಕಾರಿನ ಬಾಗಿಲು ಹಾಕಿದ ಸದ್ದಿನ ನಡುವೆ. ಎಷ್ಟು ಕುಡಿದಿದೆ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಕಾರ್ಪೆಟ್ಟು ಎಷ್ಟು ಕುಡಿಯಿತು, ಮಗು ಎಷ್ಟು ಕುಡಿಯಿತು? ಉಸಿರು ಜೋರಾಗಿದೆ ಎಂದೊಡನೆ ಆತ, ನೀವು ಕರೆದುಕೊಂಡು ಹೋಗಬೇಡಿ, ಆಂಬುಲೆನ್ಸ್ ಕರೆಯಿರಿ ಅಂದ.

ಮೊದಲು ಬಂದದ್ದು ಆಂಬುಲೆನ್ಸ್ ಅಲ್ಲ, ಅಗ್ನಿಶಾಮಕದವರ ಕೆಂಪು ಲಾರಿ. ಇಲ್ಲಿ ಯಾವುದಕ್ಕೆ ಕರೆದರೂ ಮೊದಲು ಅವರೇ ಬರುತ್ತಾರೆ. ಬಾಗಿಲೆತ್ತರದ ನಾಲ್ವರು ಬೂಟು ಕಾಲಲ್ಲೇ ಬಿಳಿ ಕಾರ್ಪೆಟ್ಟಿನ ಮೇಲೆ ಬಂದರು. ಹಾಸನದ ಅಜ್ಜಿ ಅವ್ವನ ತೋಳು ಹಿಡಿದುಕೊಂಡು, "ಬೆಂಕಿ ಎಲ್ಲೇ ಬಿದ್ದಿದೆ ತಂಗಿ?" ಎಂದು ಕೇಳಿದರು. ಅವ್ವನಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ನಾನು ಹೇಳುವ ಸ್ಥಿತಿಯಲ್ಲಿರಲಿಲ್ಲ.

ಆಂಬುಲೆನ್ಸಿನಲ್ಲಿ ಒಬ್ಬರಿಗೇ ಜಾಗ ಅಂದರು. ಇಂಗ್ಲಿಷ್ ಬರುವವರು ಬೇಕು, ಏನು ಕುಡಿದಿದೆ ಎಂದು ಹೇಳುವವರು ಬೇಕು. ತಾಯಿ ಫೋನಿನಲ್ಲೇ ಒಪ್ಪಿಗೆ ಕೊಟ್ಟಳು. ನಾನು ಹತ್ತಿದೆ. ಇಬ್ಬರು ಮುದುಕಿಯರು ತೆರೆದ ಗ್ಯಾರೇಜಿನಲ್ಲಿ ನಿಂತೇ ಇದ್ದರು, ಅಜ್ಜಿಯ ಕೈಯಲ್ಲಿ ಇನ್ನೂ ಒಂದು ಹುರುಳಿಕಾಯಿ.

ದಾರಿಯಲ್ಲಿ ಮಗು ಎದ್ದು ಅಳತೊಡಗಿತು. ಅಷ್ಟು ಜೋರಾಗಿ ಅತ್ತದ್ದು ಒಳ್ಳೆಯದು ಎಂದು ಜೊತೆಗಿದ್ದ ಆಂಬುಲೆನ್ಸಿನ ಹುಡುಗಿ ಹೇಳಿದಳು. ಅದು ನನ್ನ ಮುಖ ನೋಡುವುದು, ಗುರುತಿಲ್ಲದೆ ಇನ್ನೂ ಜೋರಾಗಿ ಅಳುವುದು, ಮತ್ತೆ ನನ್ನ ಬೆರಳನ್ನೇ ಬಿಗಿಯಾಗಿ ಹಿಡಿದುಕೊಳ್ಳುವುದು. ಎಣ್ಣೆಗೆ ಅದರ ಕೈ ಇನ್ನೂ ಜಾರುತ್ತಿತ್ತು. "ಅಜ್ಜಿ ಬರ್ತಾರೆ ಚಿನ್ನ, ಅಮ್ಮ ಬರ್ತಾಳೆ," ಎಂದು ಹೇಳುತ್ತಲೇ ಇದ್ದೆ. ಆ ಹೊತ್ತಿಗೆ ಅವರಿಬ್ಬರೂ ಯಾವಾಗ ಬರುತ್ತಾರೆಂಬುದು ನನಗೂ ಗೊತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದರು, ಸಣ್ಣ ಕೈಗೆ ಸೂಜಿ ಚುಚ್ಚಿ ಸಲೈನ್ ಹಾಕಿದರು. ನಾನು ಮಗುವಿಗೆ ಏನಾಗಬೇಕು ಎಂದು ನರ್ಸ್ ಕೇಳಿದರು. "ನೈಬರ್," ಅಂದೆ. ಆ ಮಗುವಿನ ಹೆಸರೂ ನನಗೆ ಗೊತ್ತಿಲ್ಲ ಎಂದು ಅರಿವಾದದ್ದು ಅವರು ಫಾರ್ಮು ಮುಂದಿಟ್ಟಾಗ.

ಅರ್ಧ ಗಂಟೆಯ ಮೇಲೆ ತಾಯಿ ಬಂದಳು. ಪ್ಲೆಸೆಂಟನ್ನಿನಿಂದ ಫ್ರೀವೇಯ ಟ್ರಾಫಿಕ್ಕಿನಲ್ಲಿ ಹೇಗೆ ಬಂದಳೋ. ಕೊರಳಲ್ಲಿ ಆಫೀಸಿನ ಬ್ಯಾಡ್ಜು ಹಾಗೇ ಇತ್ತು. ಮಗು ಅವಳನ್ನು ಕಂಡು ಎರಡೂ ಕೈ ಚಾಚಿತು, ಸಲೈನಿನ ನಳಿಕೆ ಎಳೆದಾಡಿತು. ಅವಳು ನನ್ನ ಕಡೆ ನೋಡಲೇ ಇಲ್ಲ. ನಾನು ಹೊರಗಿನ ಓಣಿಗೆ ಬಂದೆ. ಕೂರಲಾಗಲಿಲ್ಲ. ಓಣಿಯ ಈ ತುದಿಯಿಂದ ಆ ತುದಿಗೆ ನಡೆದೆ. ಗಂಡನಿಗೆ ಫೋನ್ ಮಾಡಿ ಮಗಳನ್ನು ಡೇಕೇರಿನಿಂದ ಕರೆತರಲು ಹೇಳಿದೆ, ಅವನು ಏನೇನೋ ಕೇಳಿದ, ಆಮೇಲೆ ಹೇಳ್ತೀನಿ ಅಂದೆ. ಮತ್ತೆ ನಡೆದೆ. ಮನೆಗೆ ಹೋಗಿಬಿಡಬಹುದಿತ್ತು, ನನ್ನಿಂದ ಆಗಬೇಕಾದ್ದು ಅಲ್ಲಿ ಏನೂ ಇರಲಿಲ್ಲ. ಆದರೆ ಹೋಗಲಾಗಲಿಲ್ಲ.

ಡಾಕ್ಟರು ಬಂದು ಹೇಳಿದರು: ಮಗು ನುಂಗಿರುವುದು ನಿಜ, ರಕ್ತದಲ್ಲಿ ಇದೆ. ಈಗಿರುವ ಮಟ್ಟ ಪ್ರಾಣಾಪಾಯದ್ದಲ್ಲ. ಆದರೆ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಒಂದು ಪರೀಕ್ಷೆಯಿಂದ ತಿಳಿಯುವುದಿಲ್ಲ, ಎರಡು ಗಂಟೆ ಬಿಟ್ಟು ಮತ್ತೆ ನೋಡಬೇಕು.

ಆ ಎರಡು ಗಂಟೆಯ ನಡುವೆ ತಾಯಿ ಹೊರಗೆ ಬಂದಳು. ಮಗು ಮಲಗಿತ್ತು. ಅವಳು ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು.

"ಆ ಎಣ್ಣೆ ನಿಮ್ದಾ?"

"ನಾನೇ ತರ್ಸಿದ್ದು. ಅವ್ವನ ಕೈಗೆ."

"ಇವತ್ತು ಬಂತಾ ಆ ಮೇಲು?"

ಹೌದು ಅಂದುಬಿಡಬಹುದಿತ್ತು. ಅನ್ನಲಿಲ್ಲ. ನಿಜ ಹೇಳಬೇಕೆಂಬ ದೊಡ್ಡತನದಿಂದೇನೂ ಅಲ್ಲ, ಅವಳ ಅತ್ತೆ ಫೋನಿನ ಮುಂದೆ ಬಾಗಿ ಹೇಳಿದ್ದು ಕಿವಿಯಲ್ಲೇ ಇತ್ತು.

"ಇವತ್ತು ಬಂದಿದ್ದು ಎರಡನೇದು. ಹೋದ ವಾರಾನೇ ಒಂದು ಬಂದಿತ್ತು. ನಾನು ಓದಿರ್ಲಿಲ್ಲ. ನಾನು ಫಾರ್ಮಸೀಲಿ ಕೆಲ್ಸ ಮಾಡೋದು. ಆ ಮುಚ್ಚಳ ಸರಿಯಿಲ್ಲ ಅಂತ ನಂಗೆ ಮೊದ್ಲೇ ಗೊತ್ತಾಗ್ಬೇಕಿತ್ತು." ಆ ಮಾತನ್ನೂ ತಿದ್ದಿ, "ಗೊತ್ತಾಗಿತ್ತು," ಅಂದೆ.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬ್ಯಾಡ್ಜಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಾ, ಬಿಚ್ಚುತ್ತಾ ನಿಂತಿದ್ದು, ಒಳಗೆ ಹೋದಳು.

ಎರಡನೇ ಪರೀಕ್ಷೆಯಲ್ಲಿ ಮಟ್ಟ ಇಳಿದಿತ್ತು. ಸಂಜೆಯ ಮೂರನೆಯದರಲ್ಲಿ ಇನ್ನೂ ಇಳಿದಿತ್ತು. ಒಂದು ದಿನ ಇಟ್ಟುಕೊಂಡು ನೋಡಿ ಮರುದಿನ ಮನೆಗೆ ಕಳಿಸಿದರು. ಒಂದು ಗುಟುಕಿಗಿಂತ ಕಡಿಮೆ ಹೋಗಿರಬೇಕು, ವಾಂತಿಯಲ್ಲಿ ಒಂದಿಷ್ಟು ಹೊರಬಂದಿರಬೇಕು ಎಂದು ಡಾಕ್ಟರು ಹೇಳಿದರಂತೆ. ನನಗೆ ಇದು ತಿಳಿದದ್ದು ಅವಳು ಕಳಿಸಿದ ಎರಡು ಸಾಲಿನ ಮೆಸೇಜಿನಿಂದ. 'ಶೀ ಈಸ್ ಹೋಮ್. ಡಾಕ್ಟರ್ ಸೇಸ್ ಓಕೆ.' ಅಷ್ಟೇ.

ಆ ಬುಧವಾರ ಸಂಜೆ ಅವ್ವನನ್ನು ಕರೆತರಲು ಆ ಮನೆಗೆ ಹೋದಾಗ ಇಬ್ಬರೂ ಮಲಗುವ ಕೋಣೆಯ ಕಾರ್ಪೆಟ್ಟಿನ ಮೇಲೆ ಮಂಡಿಯೂರಿ ಕೂತಿದ್ದರು. ಬಕೆಟ್ಟು, ಸೋಪು, ಬಟ್ಟೆ. ಬೆಳಗ್ಗೆಯ ಕಲೆಯ ಜಾಗದಲ್ಲಿ ಅದಕ್ಕಿಂತ ದೊಡ್ಡ ಒದ್ದೆ ಜಾಗವಾಗಿತ್ತು. ಅವ್ವನ ಬೆರಳುಗಳು ಬೀಟ್‌ರೂಟಿನ ಬಣ್ಣಕ್ಕೆ ತಿರುಗಿದ್ದವು.

"ಈ ಕೈನಲ್ಲಿ ಯಾಕವ್ವ ಉಜ್ಜಿದೆ?"

"ಸುಮ್ಕೆ ಕುಂತ್ಕಳಕ್ಕಾಯ್ತದಾ? ಇಬ್ರೂ ಉಜ್ಜುದೊ," ಅಂದಳು.

ಮನೆಗೆ ಬರುವ ದಾರಿಯಲ್ಲಿ ಅವ್ವ ಒಂದೇ ಮಾತು ಆಡಿದಳು: "ನಾ ಕೊಟ್ಟಿದ್ದು ಒಳ್ಳೇದಾಗ್ಲಿ ಅಂತ." ನಾನು ಗೊತ್ತು ಅಂದೆ. ಅವಳಿಗೆ ಅದು ಸಾಕಾಗಲಿಲ್ಲ, ನನಗೂ ಸಾಕಾಗಲಿಲ್ಲ.

ಆಮೇಲಿನ ದಿನಗಳಲ್ಲಿ ನಾನು ಮನೆಯನ್ನು ತಲೆಕೆಳಗು ಮಾಡಿದೆ. ಸಿಂಕಿನ ಕೆಳಗಿದ್ದ ಡ್ರೈನ್ ಕ್ಲೀನರು, ಗ್ಯಾರೇಜಿನ ಪೇಂಟ್ ತೆಗೆಯುವ ದ್ರಾವಣ, ದೀಪಕ್ಕೆ ತಂದಿದ್ದ ಎಣ್ಣೆ, ಗಂಡ ಎಂದೋ ತಂದಿಟ್ಟ ತುಕ್ಕು ತೆಗೆಯುವ ಡಬ್ಬಿ. ಒಂದೊಂದನ್ನೂ ಎತ್ತಿ ಮುಚ್ಚಳ ತಿರುಗಿಸಿ ಕಿವಿಗಿಟ್ಟು ಕೇಳುತ್ತಿದ್ದೆ. ವಾಪಸು ಕರೆದ ವಸ್ತುಗಳ ಸರ್ಕಾರಿ ಪಟ್ಟಿಯನ್ನು ಮೊಬೈಲಿನಲ್ಲಿ ಓದಲು ಶುರುಮಾಡಿದೆ. ಓದಲು ಶುರುಮಾಡಿದರೆ ಮುಗಿಯುವುದಿಲ್ಲ. ನಿನ್ನೆ ತನಕ ಅಡುಗೆಮನೆಯಲ್ಲಿ ತಣ್ಣಗೆ ಕೂತಿದ್ದ ವಸ್ತುಗಳೆಲ್ಲ ಅಲ್ಲಿ ಫೋಟೋ ಹಿಡಿಸಿಕೊಂಡು ನಿಂತಿರುತ್ತವೆ. ಮಗಳು ಅಟ್ಟದ ಕೆಳಗೆ ನಿಂತು, "ವಾಟ್ ಆರ್ ಯೂ ಲುಕಿಂಗ್ ಫಾರ್, ಅಮ್ಮ?" ಎಂದು ಕೇಳಿದರೆ ಮುಂದಿನ ಡಬ್ಬಿ ಎತ್ತಿಕೊಳ್ಳುತ್ತಿದ್ದೆ. ಎಣ್ಣೆಯನ್ನು ವಾಪಸು ಕರೆದ ಕಂಪನಿಯವರ ಫಾರ್ಮಿನಲ್ಲಿ 'ಯಾರಿಗಾದರೂ ತೊಂದರೆಯಾಗಿದೆಯೇ' ಎಂಬ ಪ್ರಶ್ನೆಯ ಮುಂದೆ ಒಂದು ಸಣ್ಣ ಚೌಕ ಇತ್ತು. ಅದರಲ್ಲಿ ಹೌದು ಎಂದು ಗುರುತು ಹಾಕಿ, ಕೆಳಗಿನ ಜಾಗದಲ್ಲಿ ನಡೆದದ್ದನ್ನೆಲ್ಲ ಬರೆದೆ. ಎರಡು ಸಲ ಅಳಿಸಿ, ಮೂರನೇ ಸಲ ಕಳಿಸಿದೆ. ಬಂದದ್ದು ಯಂತ್ರ ತಾನಾಗಿ ಕಳಿಸುವ ಉತ್ತರ.

ಅವ್ವ ಪಾರ್ಕಿಗೆ ಹೋಗುವುದನ್ನು ಬಿಡಲಿಲ್ಲ. ಹಾಸನದ ಅಜ್ಜಿ ಬರುವುದು ನಿಂತಿತ್ತು. "ಇವತ್ತೂ ಬರ್ನಿಲ್ಲ," ಎಂದು ಬಂದು ಶೂ ಬಿಚ್ಚುತ್ತಾ ಹೇಳುತ್ತಿದ್ದಳು. ಮೂರು ವಾರ ಹೀಗೇ ಹೋಯಿತು. ಬೈಯಿಸಿಕೊಂಡರೋ, ಮಗನ ಮನೆಯಲ್ಲಿ ಮಾತು ನಿಂತಿದೆಯೋ ಎಂದು ನನಗೆ ಒಳಗೊಳಗೇ ಕೊರೆತ. ಮೆಸೇಜು ಟೈಪಿಸುತ್ತಿದ್ದೆ, ಅಳಿಸುತ್ತಿದ್ದೆ. ಕೊನೆಗೊಂದು ದಿನ ಬರೆದೇಬಿಟ್ಟೆ: 'ಅವ್ವ ಜೂನಿನಲ್ಲಿ ಊರಿಗೆ ಹೋಗುತ್ತಾಳೆ. ಅದಕ್ಕೆ ಮೊದಲು ನಿಮ್ಮ ಅತ್ತೆಯನ್ನು ನೋಡಬೇಕಂತೆ. ನಿಮಗೆ ಇಷ್ಟವಿದ್ದರೆ ಮಾತ್ರ.'

ಎರಡು ದಿನ ಉತ್ತರವಿಲ್ಲ. ಆಮೇಲೆ ಬಂತು: 'ಭಾನುವಾರ ಬರ್ತೀವಿ.'

ಬಂದರು, ಅಜ್ಜಿ, ಸೊಸೆ, ಮಗು, ಮೂವರೂ. ಅಜ್ಜಿ ಒಳಗೆ ಕಾಲಿಟ್ಟದ್ದೇ ಅವ್ವನ ಕೈ ಹಿಡಿದುಕೊಂಡರು. ಇಬ್ಬರೂ ಸೋಫಾದ ಒಂದು ಮೂಲೆ ಹಿಡಿದು ಕೂತವರು ಊರಿನ ಮಳೆ, ಮಗಳ ಬಾಣಂತನ, ಮಂಡಿಗೆ ಬಿಸಿನೀರಿನ ಶಾಖ ಎಂದು ಮಾತಿಗೆ ಶುರುಮಾಡಿದರು. ಆ ಬುಧವಾರದ ಮಾತನ್ನು ಇಬ್ಬರೂ ಎತ್ತಲಿಲ್ಲ. ಮಗು ಈಗ ಏನನ್ನೂ ಹಿಡಿಯದೆ ನಡೆಯುತ್ತಿತ್ತು, ನಡೆಯುವುದೇನು, ಓಡುತ್ತಿತ್ತು. ಟೀಪಾಯಿಯ ಅಂಚು, ಪುಸ್ತಕದ ಕಪಾಟು, ಅಡುಗೆಮನೆ. ಅದು ಹೋದ ಕಡೆ ಅದರ ತಾಯಿ, ಅವಳ ಹಿಂದೆ ನಾನು. ಸಿಂಕಿನ ಕೆಳಗಿನ ಬಾಗಿಲಿಗೆ ನಾನು ಹಾಕಿಸಿದ್ದ ಬೀಗವನ್ನು ಅವಳು ಒಮ್ಮೆ ಎಳೆದು ನೋಡಿದಳು. ಗಟ್ಟಿಯಾಗಿತ್ತು.

ನನ್ನ ಮಗಳು ಮಗುವನ್ನು ಹಿತ್ತಲಿಗೆ ಕರೆದುಕೊಂಡು ಹೋದಳು. ನಾವಿಬ್ಬರೂ ಕಾಫಿ ಲೋಟ ಹಿಡಿದು ಗಾಜಿನ ಬಾಗಿಲ ಹತ್ತಿರ ನಿಂತೆವು.

"ಕೂತ್ಕೊಳ್ಳಿ," ಅಂದೆ.

"ಪರ್ವಾಗಿಲ್ಲ, ನೀವು ಕೂತ್ಕೊಳ್ಳಿ," ಅಂದಳು. ಇಬ್ಬರೂ ಕೂರಲಿಲ್ಲ.

ಹಿತ್ತಲಿನಿಂದ ಕಣ್ಣು ತೆಗೆಯದೆ ಅವಳೇ ಹೇಳಿದಳು: "ಅವತ್ತು ನಿಮ್ಮೇಲೆ ತುಂಬಾ ಕೋಪ ಬಂದಿತ್ತು. ಈಗ್ಲೂ ಒಂದೊಂದ್ಸಲ ಬರುತ್ತೆ. ನಂಗೂ ದಿನಾ ಅಂಥ ಮೇಲು ಹತ್ತು ಬರುತ್ತೆ ಅಕ್ಕ, ನಾನೂ ಓದಲ್ಲ. ಈಗ ಓದ್ತೀನಿ."

"ಅತ್ತೆ ಹೇಗಿದಾರೆ ಮನೇಲಿ?"

"ಹಾಲ್‌ನಲ್ಲಿ ಒಂದು ಕ್ಯಾಮೆರಾ ಹಾಕ್ಸಿದೀನಿ. ಆಫೀಸಲ್ಲಿ ಕೂತ್ಕೊಂಡು ಅರ್ಧ ಗಂಟೆಗೊಂದ್ಸಲ ನೋಡ್ತಾ ಇರ್ತೀನಿ, ಮೀಟಿಂಗ್ ಮಧ್ಯದಲ್ಲೂ. ನೋಡದೆ ಇರಕ್ಕಾಗಲ್ಲ. ಅತ್ತೆಗೆ ಅದು ಗೊತ್ತು. ಬೇಜಾರು ಮಾಡ್ಕೋತಾರೆ ಅಂದ್ಕೊಂಡಿದ್ದೆ." ಅವಳು ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಅವ್ರು ಪಾಪೂನ ಎತ್ಕೊಂಡು ಬಂದು ಕ್ಯಾಮೆರಾ ಮುಂದೆ ಹಿಡೀತಾರೆ. ನೋಡಮ್ಮ, ಚೆನ್ನಾಗಿದೆ, ಅಂತಾರೆ. ದಿನಕ್ಕೆ ಹತ್ತು ಸಲ."

ಅಷ್ಟರಲ್ಲಿ ಹಿತ್ತಲಿನಲ್ಲಿ ಮಗು ಮುಗ್ಗರಿಸಿ ಹುಲ್ಲಿನ ಮೇಲೆ ಬಿತ್ತು. ಇಬ್ಬರೂ ಒಟ್ಟಿಗೇ ಬಾಗಿಲ ಹಿಡಿಗೆ ಕೈ ಹಾಕಿದೆವು. ಅದು ತಾನೇ ಎದ್ದು, ಅಂಗೈಗೆ ಅಂಟಿದ ಹುಲ್ಲನ್ನು ನೋಡಿಕೊಂಡು, ಮತ್ತೆ ಓಡಿತು.